ಕೆಲಸಕ್ಕೆ ಜನ ಬೇಕಾಗಿದ್ದಾರೆ: ಕೆನಡಾದ ಜಾಹೀರಾತು ನಿಯಮಗಳು ಮತ್ತು ವಿನಾಯಿತಿಗಳು

(ಒಂಟಾರಿಯೊದಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಈ ಹಾಲ್‌ನಲ್ಲಿ ಮೂರು ಥರದ ಜನ ಕೂತಿದ್ದೀರಿ. ಹೋಟೆಲೋ, ಟ್ರಕ್ಕಿಂಗ್ ಕಂಪನಿಯೋ, ಸಣ್ಣ ಐಟಿ ಆಫೀಸೋ ನಡೆಸುವವರು ಒಂದಷ್ಟು ಮಂದಿ. ಓದು ಮುಗಿಸಿ, ವರ್ಕ್ ಪರ್ಮಿಟ್ ಮುಗಿಯುವ ದಿನ ಎಣಿಸುತ್ತಿರುವ ಹುಡುಗ ಹುಡುಗಿಯರು ಒಂದಷ್ಟು. ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಹಕ್ಕು ಸಿಕ್ಕಿ, ಆಮೇಲೆ ಕೆಲಸ ಹೋಗಿ, ಮತ್ತೆ ಹುಡುಕುತ್ತಿರುವವರು ಇನ್ನೊಂದಷ್ಟು. ನೀವು ಮೂವರೂ ಎದುರುಬದುರಾಗುವ ಜಾಗ ಒಂದಿದೆ. ಅದು ಕೆಲಸದ ಜಾಹೀರಾತು. ಮಾಲೀಕರು ಹಾಕಬೇಕು, ಇಲ್ಲಿನವರು ಅರ್ಜಿ ಕೊಡಬೇಕು, ಇಲ್ಲಿನವರು ಸಿಗದಿದ್ದರೆ ಮಾತ್ರ ಹೊರಗಿನವರಿಗೆ ಆ ಕೆಲಸ.

ನಾನು ವಕೀಲನಲ್ಲ. ಸಣ್ಣ ವ್ಯಾಪಾರಗಳಿಗೆ ಜನ ಹುಡುಕುವ, ಸಂಬಳದ ಲೆಕ್ಕ ಇಡುವ ಕೆಲಸ ಮಾಡುವವನು. ಹಾಗಾಗಿ ಈ ಜಾಹೀರಾತುಗಳನ್ನು ಬರೆಯುತ್ತೇನೆ, ಓದುತ್ತೇನೆ, ಫೈಲ್ ಮಾಡಿ ಇಡುತ್ತೇನೆ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಈ ಜಾಹೀರಾತು ನಿಜವಾದ ಹುಡುಕಾಟ ಆಗಿದ್ದರೆ ಮೂವರಿಗೂ ರಕ್ಷಣೆ ಇದೆ. ಬರೀ ಕಾಗದಕ್ಕೋಸ್ಕರ ಹಾಕಿದ್ದಾದರೆ ಮೂವರೂ ಕೆಡುತ್ತೀರಿ. ಮೊದಲು ಕೆಡುವವರು ಹೊರಗಿನಿಂದ ಬಂದವರು.

ಕೆನಡಾದಲ್ಲಿ ಮಾಲೀಕರು ಹೊರದೇಶದವರನ್ನು ತಾತ್ಕಾಲಿಕವಾಗಿ ಕೆಲಸಕ್ಕೆ ತೆಗೆದುಕೊಳ್ಳಬೇಕಾದರೆ ಸಾಮಾನ್ಯವಾಗಿ ಸರ್ಕಾರದ ಒಂದು ಒಪ್ಪಿಗೆ ಬೇಕು. ಅದೇ ಎಲ್‌ಎಂಐಎ, ಅಂದರೆ ಲೇಬರ್ ಮಾರ್ಕೆಟ್ ಇಂಪ್ಯಾಕ್ಟ್ ಅಸೆಸ್‌ಮೆಂಟ್. 2014ರ ಜೂನ್‌ವರೆಗೆ ಎಲ್‌ಎಂಒ ಅನ್ನುತ್ತಿದ್ದರು. ಕೊಡುವುದು ಸರ್ವಿಸ್ ಕೆನಡಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ. ಅದನ್ನು ಇಟ್ಟುಕೊಂಡು ಕೆಲಸಗಾರರು ವಲಸೆ ಇಲಾಖೆಗೆ ವರ್ಕ್ ಪರ್ಮಿಟ್ ಅರ್ಜಿ ಹಾಕುತ್ತಾರೆ. ವಲಸೆ ನಿಯಮಾವಳಿಯ 203ನೇ ಕಲಮಿನಲ್ಲಿ ಅಧಿಕಾರಿ ಏನೇನು ನೋಡಬೇಕು ಅಂತ ಬರೆದಿದೆ. ಹೊಸ ಕೆಲಸ ಹುಟ್ಟುತ್ತದೆಯೇ, ಕೊಡುವ ಸಂಬಳ ಆ ಕೆಲಸಕ್ಕೆ ಇಲ್ಲಿ ನಡೆಯುವ ಸಂಬಳವೇ, ಅಲ್ಲಿ ಮುಷ್ಕರ ನಡೆಯುತ್ತಿದೆಯೇ, ಹೀಗೆ. ಅದರಲ್ಲಿ ಒಂದು ಅಂಶ, ಮಾಲೀಕರು ಇಲ್ಲಿನ ನಾಗರಿಕರನ್ನೂ ಪಿಆರ್ ಇರುವವರನ್ನೂ ಕೆಲಸಕ್ಕೆ ತೆಗೆದುಕೊಳ್ಳಲು, ಅಥವಾ ತರಬೇತಿ ಕೊಡಲು, ತಕ್ಕಷ್ಟು ಪ್ರಯತ್ನ ಮಾಡಿದ್ದಾರೆಯೇ ಅನ್ನುವುದು. ಜಾಹೀರಾತಿನ ನಿಯಮಗಳೆಲ್ಲ ಹುಟ್ಟಿರುವುದು ಈ ಒಂದು ಸಾಲಿನಿಂದ.

ಇವತ್ತಿನ ನಿಯಮ ಇಷ್ಟು ಬಿಗಿ ಯಾಕೆ ಅಂತ ತಿಳಿಯಬೇಕಾದರೆ 2012 ಮತ್ತು 2013ಕ್ಕೆ ಹೋಗಬೇಕು. ಎರಡು ಪ್ರಕರಣ. ಎರಡನೆಯದಕ್ಕೆ ಬೆಂಗಳೂರಿನ ನಂಟೂ ಇದೆ.

ಮೊದಲನೆಯದು ಬ್ರಿಟಿಷ್ ಕೊಲಂಬಿಯಾದ ಟಂಬ್ಲರ್ ರಿಡ್ಜ್ ಅನ್ನುವ ಊರಿನದು. ಅಲ್ಲಿನ ಮರ್ರೆ ರಿವರ್ ಕಲ್ಲಿದ್ದಲು ಯೋಜನೆಗೆ ಚೀನಾದಿಂದ 201 ಗಣಿ ಕೆಲಸಗಾರರನ್ನು ತರಲು ಎಚ್‌ಡಿ ಮೈನಿಂಗ್ ಅನ್ನುವ ಕಂಪನಿಗೆ ಒಪ್ಪಿಗೆ ಸಿಕ್ಕಿತ್ತು. ಕೆಲಸದ ಜಾಹೀರಾತುಗಳಲ್ಲಿ ಮ್ಯಾಂಡರಿನ್ ಭಾಷೆಯ ಮಾತು ಇತ್ತು ಅನ್ನುವುದು 2012ರಲ್ಲಿ ಹೊರಬಿದ್ದಾಗ ದೊಡ್ಡ ಗದ್ದಲವೇ ಆಯಿತು. ಕೆನಡಾದ ಗಣಿಯಲ್ಲಿ ಇಳಿಯುವ ಕೆನಡಾದ ಕೆಲಸಗಾರನಿಗೆ ಮ್ಯಾಂಡರಿನ್ ಎಲ್ಲಿಂದ ಬರಬೇಕು? ಎರಡು ಯೂನಿಯನ್‌ಗಳು ಫೆಡರಲ್ ಕೋರ್ಟಿಗೆ ಹೋದವು. 2013ರಲ್ಲಿ ಅವರ ಅರ್ಜಿ ವಜಾ ಆಯಿತು. ಕಾನೂನಿನ ಕಣ್ಣಲ್ಲಿ ಕಂಪನಿ ಗೆದ್ದಿತು. ಆದರೆ ಪ್ರಶ್ನೆ ಜನರ ತಲೆಯಲ್ಲಿ ಉಳಿಯಿತು.

ಎರಡನೆಯದು 2013ರ ಏಪ್ರಿಲ್‌ನದು. ರಾಯಲ್ ಬ್ಯಾಂಕಿನ ಟೊರೊಂಟೊ ಕಚೇರಿಯಲ್ಲಿ ಸುಮಾರು 45 ಮಂದಿಯ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿದ್ದಾರೆ, ಬರುವ ಹೊರದೇಶದ ಸಿಬ್ಬಂದಿಗೆ ಕೆಲಸ ಕಲಿಸುವ ಹೊಣೆಯೂ ಅದೇ ಹಳಬರ ಮೇಲೆ ಬಿದ್ದಿದೆ ಅಂತ ಕೆನಡಾದ ಸಾರ್ವಜನಿಕ ಸುದ್ದಿವಾಹಿನಿ ಸಿಬಿಸಿ ವರದಿ ಮಾಡಿತು. ಗುತ್ತಿಗೆ ಹಿಡಿದಿದ್ದು ಐಗೇಟ್. ಬೆಂಗಳೂರಿನಲ್ಲಿ ದೊಡ್ಡ ಕ್ಯಾಂಪಸ್ ಇದ್ದ ಕಂಪನಿ ಅದು, ನಿಮ್ಮಲ್ಲಿ ಕೆಲವರು ಅಲ್ಲಿ ಕೆಲಸ ಮಾಡಿಯೂ ಇರಬಹುದು. ಬ್ಯಾಂಕಿನ ಮುಖ್ಯಸ್ಥ ಗಾರ್ಡನ್ ನಿಕ್ಸನ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಬೇಕಾಯಿತು. ಆಗ ಇಲ್ಲಿ ಐಟಿಯಲ್ಲಿದ್ದ ಭಾರತೀಯರಿಗೆ ಕಷ್ಟದ ಕಾಲ. ಯಾರೋ ಮೇಲಿನವರು ಮಾಡಿದ ತೀರ್ಮಾನಕ್ಕೆ ಕೆಳಗೆ ಕೂತು ಕೋಡ್ ಬರೆಯುವವರು ಮಾತು ಕೇಳಬೇಕಾಯಿತು. ಇದನ್ನು ಮರೆಯಬೇಡಿ. ನಿಯಮ ಸಡಿಲವಾಗಿದ್ದಾಗ ಸಿಟ್ಟು ಹೋಗಿ ಬೀಳುವುದು ಮಾಲೀಕರ ಮೇಲಲ್ಲ, ಹೊರಗಿನಿಂದ ಬಂದ ಮುಖಗಳ ಮೇಲೆ.

ಆ ವರ್ಷವೇ ಸರ್ಕಾರ ನಿಯಮ ಬದಲಿಸಿತು. 14 ದಿನ ಇದ್ದ ಜಾಹೀರಾತಿನ ಅವಧಿ 4 ವಾರಕ್ಕೆ ಏರಿತು. ಇಂಗ್ಲಿಷ್ ಮತ್ತು ಫ್ರೆಂಚ್ ಬಿಟ್ಟು ಬೇರೆ ಭಾಷೆ ಬೇಕು ಅಂತ ಸುಮ್ನೆ ಕೇಳುವ ಹಾಗಿಲ್ಲ ಎಂದಾಯಿತು. ಮೊದಲ ಬಾರಿಗೆ ಒಂದು ಹುದ್ದೆಗೆ 275 ಡಾಲರ್ ಶುಲ್ಕ ಬಂತು. ಮರುವರ್ಷ ಅದು 1,000 ಡಾಲರ್ ಆಯಿತು. ಇವತ್ತಿಗೂ ಅಷ್ಟೇ ಇದೆ. ಈ ಸಾವಿರ ಡಾಲರನ್ನು ಮಾಲೀಕರೇ ಕಟ್ಟಬೇಕು, ಕೆಲಸಗಾರರಿಂದ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. ಈ ಮಾತನ್ನು ಇನ್ನೊಮ್ಮೆ ಎತ್ತುತ್ತೇನೆ.

ಈಗ ನಿಯಮಕ್ಕೆ ಬರೋಣ. ಮಾಲೀಕರು ಪೆನ್ನು ತೆಗೆದುಕೊಳ್ಳಿ.

ಜಾಹೀರಾತು ಮೊದಲು ಹೋಗಬೇಕಾದ ಜಾಗ ಜಾಬ್ ಬ್ಯಾಂಕ್, ಅಂದರೆ ಕೇಂದ್ರ ಸರ್ಕಾರದ ಕೆಲಸದ ವೆಬ್‌ಸೈಟ್. ಅದರ ಜೊತೆಗೆ ಕಡಿಮೆ ಎಂದರೂ ಇನ್ನೆರಡು ಬೇರೆ ದಾರಿಗಳಲ್ಲಿ ಹುಡುಕಿರಬೇಕು. ಜಾಸ್ತಿ ಸಂಬಳದ ಹುದ್ದೆಯಾದರೆ (ಜಾಸ್ತಿ, ಕಡಿಮೆಯ ಗೆರೆ ಎಲ್ಲಿದೆ ಅಂತ ಆಮೇಲೆ ಹೇಳುತ್ತೇನೆ) ಆ ಎರಡರಲ್ಲಿ ಒಂದು ಇಡೀ ದೇಶಕ್ಕೆ ತಲುಪುವಂಥದ್ದಾಗಿರಬೇಕು. ಕಡಿಮೆ ಸಂಬಳದ್ದಾದರೆ ಕೆಲಸದ ಅವಕಾಶ ಕಡಿಮೆ ಸಿಗುವ ಜನರನ್ನು ತಲುಪಬೇಕು. ಮೂಲನಿವಾಸಿಗಳು, ಕಷ್ಟದಲ್ಲಿರುವ ಯುವಕರು, ಹೊಸದಾಗಿ ಬಂದ ವಲಸಿಗರು, ಅಂಗವಿಕಲರು ಈ ಗುಂಪಿನಲ್ಲಿ ಬರುತ್ತಾರೆ. ಪತ್ರಿಕೆ, ಉದ್ಯೋಗ ಮೇಳ, ಕೆಲಸದ ವೆಬ್‌ಸೈಟ್, ಸಮುದಾಯ ಕೇಂದ್ರ ಎಲ್ಲವೂ ನಡೆಯುತ್ತದೆ. ಪೂಜಾ ಸ್ಥಳಗಳನ್ನೂ ಸರ್ಕಾರವೇ ಹೆಸರಿಸಿದೆ. ದೇವಸ್ಥಾನದ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಚೀಟಿಯೂ ಒಂದು ದಾರಿಯೇ. ಅಂಟಿಸಿದ ದಿನ ಒಂದು ಫೋಟೋ, ತೆಗೆದ ದಿನ ಒಂದು ಫೋಟೋ ಇಟ್ಟುಕೊಳ್ಳಿ.

ಅವಧಿಯ ಲೆಕ್ಕದಲ್ಲಿ ತುಂಬ ಜನ ಎಡವುತ್ತಾರೆ. 2013ರಿಂದ ನಿಂತಿರುವ ಮೂಲ ಲೆಕ್ಕ ಸತತ 4 ವಾರ. ಅದೂ ಅರ್ಜಿ ಹಾಕುವ ಹಿಂದಿನ 3 ತಿಂಗಳ ಒಳಗೆ. ನಡುವೆ ಒಂದು ದಿನ ಜಾಹೀರಾತು ಕೆಳಗಿಳಿದರೂ ಸತತ ಅನ್ನುವುದು ಹೋಯಿತು. ಅರ್ಜಿ ಹಾಕಿದ ಮೇಲೂ ಮೂರರಲ್ಲಿ ಒಂದು ಹುಡುಕಾಟ ತೀರ್ಮಾನ ಬರುವವರೆಗೆ ನಡೆಯುತ್ತಿರಬೇಕು. ಅರ್ಜಿ ಕಳಿಸಿದ ದಿನವೇ ಎಲ್ಲ ಜಾಹೀರಾತು ತೆಗೆದುಹಾಕಿ, ಆಮೇಲೆ ನಿರಾಕರಣೆ ಬಂದಾಗ ತಲೆಮೇಲೆ ಕೈ ಹೊತ್ತವರಿದ್ದಾರೆ. ಇನ್ನೊಂದು ಮಾತು. ಈ ಅವಧಿಯನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಅದರಲ್ಲೂ ಕಡಿಮೆ ಸಂಬಳದ ಹುದ್ದೆಗಳಿಗೆ. ಗೆಳೆಯರು ಹೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು ನಂಬಬೇಡಿ. ನಾನು ಹೇಳಿದ್ದನ್ನೂ ಸೇರಿಸಿ. ಜಾಹೀರಾತು ಹಾಕುವ ದಿನ ಸರ್ಕಾರದ ಪುಟ ತೆರೆದು ನೋಡಿ.

ಜಾಹೀರಾತಿನಲ್ಲಿ ಏನಿರಬೇಕು? ವ್ಯಾಪಾರದ ಹೆಸರು, ವಿಳಾಸ, ಹುದ್ದೆಯ ಹೆಸರು, ಮಾಡಬೇಕಾದ ಕೆಲಸ, ಕೆಲಸದ ಷರತ್ತು, ಕೆಲಸದ ಭಾಷೆ, ಸಂಬಳ, ಬೇರೆ ಸೌಲಭ್ಯ, ಕೆಲಸ ನಡೆಯುವ ಊರು, ಸಂಪರ್ಕಿಸುವ ದಾರಿ, ಬೇಕಾದ ಓದು ಮತ್ತು ಅನುಭವ. ಮನೆಯಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರನ್ನು ಹುಡುಕುವ ಕುಟುಂಬ ತನ್ನ ಹೆಸರು, ವಿಳಾಸ ಹಾಕಬೇಕಾಗಿಲ್ಲ. ಅದು ಸರಿಯಾದ ವಿನಾಯಿತಿ. ಮನೆ ವಿಳಾಸವನ್ನು ಊರಿಗೆಲ್ಲ ಹಂಚುವುದು ಯಾರಿಗೂ ಕ್ಷೇಮವಲ್ಲ.

ಸಂಬಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ‘ಅನುಭವಕ್ಕೆ ತಕ್ಕ ಸಂಬಳ’ ಅಂತ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ, ಅಂಕಿ ಬೇಕು. ಇಷ್ಟರಿಂದ ಇಷ್ಟು ಅಂತ ಬರೆಯಬಹುದು. ಆದರೆ ಕೆಳಗಿನ ಅಂಕಿಯೂ ಆ ಊರಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳಕ್ಕಿಂತ ಕಡಿಮೆ ಇರಬಾರದು. ನಡೆಯುವ ಸಂಬಳ ಅಂದರೆ ಜಾಬ್ ಬ್ಯಾಂಕ್ ತೋರಿಸುವ ಮಧ್ಯದ ಅಂಕಿ. ನಿಮ್ಮ ಜಾಗದಲ್ಲೇ ಅದೇ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದರೆ, ಆ ಜಾಸ್ತಿಯದೇ ಲೆಕ್ಕ. ಇಲ್ಲಿ ಕಳ್ಳದಾರಿ ಹುಡುಕುವವರು ಕಡಿಮೆ ಸಂಬಳ ಹಾಕುತ್ತಾರೆ, ಇಲ್ಲಿನವರು ಯಾರೂ ಬರುವುದಿಲ್ಲ, ಆಮೇಲೆ ‘ಜನ ಸಿಗಲಿಲ್ಲ’ ಅನ್ನುತ್ತಾರೆ. ನಡೆಯುವ ಸಂಬಳ ಕೊಡಲೇಬೇಕು ಅನ್ನುವ ಷರತ್ತು ಇರುವುದು ಈ ದಾರಿ ಮುಚ್ಚಲಿಕ್ಕೆ. ಇಡೀ ನಿಯಮದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಜಾಬ್ ಬ್ಯಾಂಕ್‌ನಲ್ಲಿ ನಕ್ಷತ್ರಗಳ ವ್ಯವಸ್ಥೆಯೂ ಇದೆ. ಹುದ್ದೆಗೂ ಕೆಲಸ ಹುಡುಕುವವರಿಗೂ ಎಷ್ಟು ಹೊಂದಿಕೆ ಅಂತ ಕಂಪ್ಯೂಟರ್ ನಕ್ಷತ್ರ ಕೊಡುತ್ತದೆ. ಜಾಸ್ತಿ ಸಂಬಳದ ಹುದ್ದೆಗೆ 4 ಅಥವಾ ಅದಕ್ಕಿಂತ ಜಾಸ್ತಿ ನಕ್ಷತ್ರದವರು, ಕಡಿಮೆ ಸಂಬಳದ್ದಕ್ಕೆ 2 ಅಥವಾ ಜಾಸ್ತಿ ನಕ್ಷತ್ರದವರು ಮೊದಲ 30 ದಿನಗಳಲ್ಲಿ ಕಂಡರೆ, ಅವರೆಲ್ಲರಿಗೂ ‘ಅರ್ಜಿ ಹಾಕಿ’ ಅಂತ ಮಾಲೀಕರು ಆಹ್ವಾನ ಕಳಿಸಲೇಬೇಕು. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಸಂದರ್ಶನಕ್ಕೆ ಕರೆದಿರಿ, ಯಾಕೆ ತೆಗೆದುಕೊಳ್ಳಲಿಲ್ಲ ಅನ್ನುವುದಕ್ಕೆ ಉತ್ತರ ಇರಬೇಕು. ಕಾಗದಗಳನ್ನು 6 ವರ್ಷ ಇಟ್ಟುಕೊಳ್ಳಬೇಕು. ತಪಾಸಣೆಗೆ ಬಂದವರ ಮುಂದೆ ‘ಹಳೆ ಲ್ಯಾಪ್‌ಟಾಪ್ ಕೆಟ್ಟುಹೋಯಿತು’ ಅನ್ನುವುದು ನಡೆಯುವುದಿಲ್ಲ. ದಂಡ ಒಂದು ತಪ್ಪಿಗೆ 1,00,000 ಡಾಲರ್‌ವರೆಗೂ ಹೋಗಬಹುದು, ಒಂದು ವರ್ಷದಲ್ಲಿ ಒಟ್ಟು 10 ಲಕ್ಷ ಡಾಲರ್‌ವರೆಗೂ. ಹೊರಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳದಂತೆ ಶಾಶ್ವತವಾಗಿ ನಿಷೇಧಿಸುವ ಅಧಿಕಾರವೂ ಸರ್ಕಾರಕ್ಕಿದೆ.

ನಮ್ಮ ಹೋಟೆಲ್ ನಡೆಸುವವರಿಗೆ ಒಂದು ಕಹಿ ವಿಷಯ. 2024ರ ಸೆಪ್ಟೆಂಬರ್ 26ರಿಂದ, ನಿರುದ್ಯೋಗ ಶೇಕಡಾ 6 ಅಥವಾ ಅದಕ್ಕಿಂತ ಜಾಸ್ತಿ ಇರುವ ದೊಡ್ಡ ನಗರ ಪ್ರದೇಶಗಳಲ್ಲಿ ಕಡಿಮೆ ಸಂಬಳದ ಎಲ್‌ಎಂಐಎ ಅರ್ಜಿಗಳನ್ನು ಸರ್ಕಾರ ಕೈಗೆತ್ತಿಕೊಳ್ಳುವುದೇ ಇಲ್ಲ. ಬೇಸಾಯ, ಆಹಾರ ಸಂಸ್ಕರಣೆ, ಕಟ್ಟಡ ಕೆಲಸ, ಆರೋಗ್ಯ ಸೇವೆ ಇಂಥವಕ್ಕೆ ವಿನಾಯಿತಿ ಇದೆ. ಹೋಟೆಲ್ ಅಡುಗೆಗೆ ಇಲ್ಲ. ಕಡಿಮೆ ಮತ್ತು ಜಾಸ್ತಿ ಸಂಬಳದ ಗೆರೆ ಎಲ್ಲಿದೆ? ಪ್ರಾಂತ್ಯದ ಮಧ್ಯದ ಸಂಬಳಕ್ಕಿಂತ ಶೇಕಡಾ 20 ಮೇಲೆ. ಆ ಗೆರೆಯನ್ನು 2024ರ ನವೆಂಬರ್ 8ರಿಂದ ಎತ್ತರಿಸಿದರು. ಒಂಟಾರಿಯೊದಲ್ಲಿ 2025ರ ಜೂನ್‌ನಲ್ಲಿ ಅದು ಗಂಟೆಗೆ 36 ಡಾಲರ್ ಆಯಿತು. ದೋಸೆ ಹುಯ್ಯುವವರಿಗೆ ಗಂಟೆಗೆ 36 ಡಾಲರ್ ಕೊಡುವ ಹೋಟೆಲ್ ನಾನು ನೋಡಿಲ್ಲ. ಹಾಗಾಗಿ ಟೊರೊಂಟೊ ಸುತ್ತ ಜಾಹೀರಾತು ಎಷ್ಟೇ ಚೆನ್ನಾಗಿ ಹಾಕಿದರೂ ನಿರುದ್ಯೋಗ ಜಾಸ್ತಿ ಇರುವ ಪ್ರದೇಶಗಳ ಸರ್ಕಾರಿ ಪಟ್ಟಿಯಲ್ಲಿ ನಿಮ್ಮ ಪ್ರದೇಶ ಇರುವವರೆಗೆ ಅರ್ಜಿ ವಾಪಸ್ ಬರುತ್ತದೆ. ಪಟ್ಟಿ 3 ತಿಂಗಳಿಗೊಮ್ಮೆ ಬದಲಾಗುತ್ತದೆ. ಮೊದಲು ಪಟ್ಟಿ ನೋಡಿ, ಆಮೇಲೆ ಜಾಹೀರಾತಿಗೆ ದುಡ್ಡು ಹಾಕಿ.

ಇನ್ನು ವಿನಾಯಿತಿಗಳು. ಒಂದು ಸರ್ಕಾರ ಯಾರನ್ನು ನಂಬುತ್ತದೆ, ಯಾರನ್ನು ಅನುಮಾನಿಸುತ್ತದೆ ಅನ್ನುವುದು ನಿಯಮಕ್ಕಿಂತ ವಿನಾಯಿತಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಕೆಲವರಿಗೆ ಎಲ್‌ಎಂಐಎ ಬೇಡವೇ ಬೇಡ, ಹಾಗಾಗಿ ಜಾಹೀರಾತಿನ ಮಾತೂ ಇಲ್ಲ. ಓದು ಮುಗಿಸಿದವರ ಓಪನ್ ಪರ್ಮಿಟ್, ಅಂದರೆ ಒಬ್ಬ ಮಾಲೀಕನಿಗೆ ಕಟ್ಟಿಹಾಕದ ವರ್ಕ್ ಪರ್ಮಿಟ್ ಹಾಗೆ. ಬೆಂಗಳೂರಿನ ಕಚೇರಿಯಿಂದ ಅದೇ ಕಂಪನಿಯ ಟೊರೊಂಟೊ ಕಚೇರಿಗೆ ವರ್ಗವಾಗಿ ಬರುವ ಮ್ಯಾನೇಜರ್ ಅಥವಾ ವಿಶೇಷ ಪರಿಣತಿಯವರದೂ ಹಾಗೆ. ಈ ವರ್ಗಾವಣೆಗೆ ಮಾಲೀಕರು 230 ಡಾಲರ್ ಕಟ್ಟಿ ಆನ್‌ಲೈನ್‌ನಲ್ಲಿ ಉದ್ಯೋಗದ ವಿವರ ಕೊಟ್ಟರೆ ಸಾಕು. 2024ರ ಕೊನೆಗೆ ಈ ದಾರಿಯನ್ನೂ ಸ್ವಲ್ಪ ಬಿಗಿ ಮಾಡಿದ್ದಾರೆ. ಇನ್ನು ಕೆಲವರಿಗೆ ವರ್ಕ್ ಪರ್ಮಿಟ್ಟೇ ಬೇಡ. ನಮ್ಮ ದೇವಸ್ಥಾನಗಳ ಅರ್ಚಕರು ಆ ಗುಂಪಿಗೆ ಬರುತ್ತಾರೆ, ಯಾಕೆಂದರೆ ಭಕ್ತರ ಧಾರ್ಮಿಕ ಸೇವೆಯೇ ಅವರ ಮುಖ್ಯ ಕೆಲಸ. ಸ್ವಲ್ಪ ದಿನಕ್ಕೆ ಬಂದು ಆಟ ಆಡಿ ಹೋಗುವ ಯಕ್ಷಗಾನ ಮೇಳವೂ ಸಾಮಾನ್ಯವಾಗಿ ಇದೇ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದ ಮಾಡುವ ಅಡುಗೆಯವರನ್ನು ಅರ್ಚಕರು ಅಂತ ತೋರಿಸಿ ಕರೆಸುವುದು ಸುಳ್ಳು. ಹಾಗೆ ಮಾಡಿದರೆ ತೊಂದರೆಗೆ ಸಿಲುಕುವುದು ಆ ಬಡಪಾಯಿ.

ಎಲ್‌ಎಂಐಎ ಬೇಕು, ಜಾಹೀರಾತು ಕಡ್ಡಾಯ ಅಲ್ಲ ಅನ್ನುವ ಒಂದು ವರ್ಗ ಇದೆ. ಇದರ ಬಗ್ಗೆ ನಮ್ಮ ಐಟಿಯವರು ತಿಳಿದಿರಲೇಬೇಕು. 2017ರ ಜೂನ್‌ನಲ್ಲಿ ಶುರುವಾದ ಗ್ಲೋಬಲ್ ಟ್ಯಾಲೆಂಟ್ ಸ್ಟ್ರೀಮ್. ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳು ಕಳಿಸಿದ, ಬೆಳೆಯುತ್ತಿರುವ ಕಂಪನಿಗಳು ಒಂದು ಭಾಗ. ಪಟ್ಟಿ ಮಾಡಿದ ಹುದ್ದೆಗಳು, ಹೆಚ್ಚಾಗಿ ಸಾಫ್ಟ್‌ವೇರ್ ಮತ್ತು ಎಂಜಿನಿಯರಿಂಗ್, ಇನ್ನೊಂದು ಭಾಗ. ಅರ್ಜಿಯನ್ನು 10 ಕೆಲಸದ ದಿನಗಳಲ್ಲಿ ಮುಗಿಸುವುದು ಗುರಿ. ಆದರೆ ಇದು ಪುಕ್ಕಟೆ ವಿನಾಯಿತಿ ಅಲ್ಲ. ಜಾಹೀರಾತಿನ ಬದಲು ಕಂಪನಿ ಒಂದು ಬರಹದ ಯೋಜನೆ ಕೊಡಬೇಕು: ಇಷ್ಟು ಹೊಸ ಕೆಲಸ ಹುಟ್ಟಿಸುತ್ತೇವೆ, ಅಥವಾ ಇಲ್ಲಿನವರ ತರಬೇತಿಗೆ ಇಷ್ಟು ಹಾಕುತ್ತೇವೆ. ಅದನ್ನು ಸರ್ಕಾರ ಆಮೇಲೆ ಪರಿಶೀಲಿಸುತ್ತದೆ. ನನ್ನ ಮಟ್ಟಿಗೆ ವಿನಾಯಿತಿ ಅಂದರೆ ಹೀಗಿರಬೇಕು. ಒಂದು ಹೊಣೆ ಬಿಡಿಸಿದರೆ ಇನ್ನೊಂದು ಹೊಣೆ ಹೊರಿಸಬೇಕು. ಕ್ವಿಬೆಕ್‌ನಲ್ಲೂ ಹುದ್ದೆಗಳ ಒಂದು ಪಟ್ಟಿ ಇದೆ, ಅದರಲ್ಲಿ ಇರುವ ಕೆಲಸಕ್ಕೆ ಹುಡುಕಾಟದ ಪುರಾವೆ ಕೇಳುವುದಿಲ್ಲ.

ಇನ್ನು ಕೆಲವರಿಗೆ ಜಾಹೀರಾತು ಬೇಕು, ಆದರೆ ರೀತಿ ಬೇರೆ. ತೋಟ, ಹೊಲದ ಕೆಲಸಕ್ಕೆ 14 ದಿನ ಸಾಕು, ಬೆಳೆ ಕಾಯುವುದಿಲ್ಲವಲ್ಲ. ವಿಶ್ವವಿದ್ಯಾಲಯಗಳು ಪ್ರೊಫೆಸರ್ ಹುದ್ದೆಯನ್ನು ಒಳಗೂ ಹೊರಗೂ ಒಟ್ಟಿಗೇ ಪ್ರಕಟಿಸಬಹುದು. ಆದರೆ ಅರ್ಹತೆ ಇರುವ ಎಲ್ಲರೂ ಅರ್ಜಿ ಹಾಕಿ, ಕೆನಡಾದವರಿಗೂ ಪಿಆರ್ ಇರುವವರಿಗೂ ಮೊದಲ ಆದ್ಯತೆ ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಪಿಎಚ್‌ಡಿ ಮುಗಿಸಿದವರು ಈ ಸಾಲನ್ನು ಎಷ್ಟೋ ಸಲ ಓದಿರುತ್ತೀರಿ. ಎದೆಗುಂದಬೇಡಿ, ಹೊರಗಿನವರು ಬೇಡ ಅಂತ ಅದರ ಅರ್ಥವಲ್ಲ.

ಸತ್ತುಹೋದ ಒಂದು ವಿನಾಯಿತಿಯ ಬಗ್ಗೆಯೂ ಹೇಳಬೇಕು. ಇದನ್ನು ಈಗಲೂ ಊರಲ್ಲಿ ಮಾರುವವರಿದ್ದಾರೆ. ಹಿಂದೆ ಕೆನಡಾದಲ್ಲಿ ಒಂದು ವ್ಯಾಪಾರ ಕೊಂಡು ಅದರಲ್ಲಿ ತಾನೇ ಕೆಲಸ ಮಾಡುವ ಮಾಲೀಕನಿಗೆ ಜಾಹೀರಾತು ಬೇಕಿರಲಿಲ್ಲ. ತನ್ನ ಅಂಗಡಿಗೆ ತನ್ನನ್ನು ತಾನೇ ಹುಡುಕುವುದು ಹೇಗೆ ಅನ್ನುವ ತರ್ಕ. 2021ರ ಏಪ್ರಿಲ್ 1ರಿಂದ ಅದು ಇಲ್ಲ. ‘ಪೆಟ್ರೋಲ್ ಬಂಕಿನಲ್ಲಿ ಪಾಲು ಕೊಳ್ಳಿ, ಜಾಹೀರಾತು ಇಲ್ಲದೆ ಎಲ್‌ಎಂಐಎ ಆಗುತ್ತದೆ’ ಅಂತ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಏಜೆಂಟ್ ಹೇಳಿದರೆ, ಆತನ ಕೈಯಲ್ಲಿರುವುದು ತೆಗೆದುಹಾಕಿದ ನಿಯಮ. ನಿಮ್ಮ ಅಣ್ಣತಮ್ಮಂದಿರಿಗೆ ಇದನ್ನು ದಯವಿಟ್ಟು ತಿಳಿಸಿ. ಜಮೀನು ಮಾರಿ ದುಡ್ಡು ಕಟ್ಟಿದವರ ಕಥೆ ಕೇಳಿ ಕೇಳಿ ನನಗೆ ಸಂಕಟವಾಗಿದೆ.

ಪಕ್ಕದ ಅಮೆರಿಕದ ಬಗ್ಗೆ ಎರಡೇ ಮಾತು, ಅಲ್ಲಿ ನಮ್ಮವರು ಇನ್ನೂ ಜಾಸ್ತಿ ಇದ್ದಾರೆ ಅಂತ. ಎಚ್-1ಬಿಗೆ ಸಾಮಾನ್ಯವಾಗಿ ಜಾಹೀರಾತು ಬೇಕಿಲ್ಲ. ಎಚ್-1ಬಿ ಮೇಲೆಯೇ ನಿಂತಿರುವ ಕಂಪನಿಗಳು ಮಾತ್ರ ಮೊದಲು ಅಲ್ಲಿನವರನ್ನು ಹುಡುಕಿದ್ದೇವೆ ಅಂತ ಹೇಳಬೇಕು. ಆದರೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ, ಅಥವಾ ಬರುವವರಿಗೆ ಸ್ನಾತಕೋತ್ತರ ಪದವಿ ಇದ್ದರೆ ಆ ಮಾತೂ ಬೇಡ. ಆ 60,000 ನಿಗದಿಯಾಗಿದ್ದು 1998ರಲ್ಲಿ, ಇವತ್ತಿಗೂ ಅದೇ ಅಂಕಿ. ವಿನಾಯಿತಿಯ ಗೆರೆ ಏರದೇ ಉಳಿದರೆ ನಿಯಮ ಇದ್ದೂ ಇಲ್ಲದ ಹಾಗೆ ಆಗುತ್ತದೆ. ಗ್ರೀನ್ ಕಾರ್ಡಿನ ದಾರಿಯಲ್ಲಿ ಜಾಹೀರಾತು ಕಡ್ಡಾಯ. ಅಲ್ಲಿ ಫೇಸ್‌ಬುಕ್ ಆ ಹುದ್ದೆಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕದೆ, ಅರ್ಜಿಯನ್ನು ಅಂಚೆಯಲ್ಲೇ ಕಳಿಸಬೇಕು ಅನ್ನುತ್ತಿತ್ತು ಎಂದು ಸರ್ಕಾರ ಮೊಕದ್ದಮೆ ಹೂಡಿತು. 2021ರಲ್ಲಿ ದಂಡ ಮತ್ತು ಪರಿಹಾರ ಸೇರಿ 1.425 ಕೋಟಿ ಡಾಲರ್‌ವರೆಗಿನ ಒಪ್ಪಂದ ಆಯಿತು. ಯಾರೂ ಅರ್ಜಿ ಹಾಕದಿರಲಿ ಅನ್ನುವ ಆಸೆಯಿಂದ ಹಾಕಿದ ಜಾಹೀರಾತು ಕೆನಡಾದಲ್ಲಿ ಮಾತ್ರ ಇರುವುದಲ್ಲ.

ಈಗ ಹುಡುಗ ಹುಡುಗಿಯರಿಗೆ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಫೋನ್ ಬಂದಿರುತ್ತದೆ. ‘ಎಲ್‌ಎಂಐಎ ಮಾಡಿಸಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ.’ ಇಂಥ ವ್ಯವಹಾರ ಶುರುವಾಗುವುದೇ ಒಂದು ಸುಳ್ಳು ಜಾಹೀರಾತಿನಿಂದ. ಕೆಲಸ ಇರುವುದಿಲ್ಲ, ಇದ್ದರೂ ನಿಮಗೆ ಅಂತ ಮೊದಲೇ ಮಾರಿಯಾಗಿರುತ್ತದೆ. ಜಾಬ್ ಬ್ಯಾಂಕ್‌ನಲ್ಲಿ ನಾಲ್ಕು ವಾರ ಅದು ನಿಂತಿರುತ್ತದೆ, ಅರ್ಜಿ ಹಾಕಿದ ಇಲ್ಲಿನವರಿಗೆ ಉತ್ತರ ಬರುವುದಿಲ್ಲ. ಆಮೇಲೆ ಏನಾಗುತ್ತದೆ ಗೊತ್ತಾ? ಪರ್ಮಿಟ್‌ನಲ್ಲಿ ಒಬ್ಬನೇ ಮಾಲೀಕನ ಹೆಸರು ಇರುತ್ತದೆ. ಆತ ಕಾಗದದಲ್ಲಿ ಒಂದು ಸಂಬಳ ತೋರಿಸುತ್ತಾನೆ, ಕೈಗೆ ಇನ್ನೊಂದು ಕೊಡುತ್ತಾನೆ, ಅಥವಾ ಬ್ಯಾಂಕಿಗೆ ಹಾಕಿ ನಗದು ವಾಪಸ್ ಕೇಳುತ್ತಾನೆ. ನೀವು ದೂರು ಕೊಡಲು ಹೆದರುತ್ತೀರಿ, ಯಾಕೆಂದರೆ ದುಡ್ಡು ಕೊಟ್ಟವರು ನೀವೇ. ಇದು ಪಂಜರದ ಬಾಗಿಲನ್ನು ನಾವೇ ದುಡ್ಡು ಕೊಟ್ಟು ಹಾಕಿಸಿಕೊಂಡ ಹಾಗೆ.

ಕಾನೂನು ನಿಮ್ಮ ಕಡೆ ಇದೆ. 2022ರ ಸೆಪ್ಟೆಂಬರ್ 26ರಿಂದ ಮಾಲೀಕರು ನೇಮಕಾತಿಯ ಯಾವ ಶುಲ್ಕವನ್ನೂ ನಿಮ್ಮಿಂದ ತೆಗೆದುಕೊಳ್ಳುವಂತಿಲ್ಲ, ಅವರ ಪರವಾಗಿ ಕೆಲಸ ಮಾಡುವ ಏಜೆಂಟರೂ ತೆಗೆದುಕೊಳ್ಳದಂತೆ ನೋಡಿಕೊಳ್ಳಬೇಕು. ಸಹಿ ಹಾಕಿದ ಕೆಲಸದ ಒಪ್ಪಂದದ ಪ್ರತಿ ನೀವು ವರ್ಕ್ ಪರ್ಮಿಟ್ ಅರ್ಜಿ ಹಾಕುವ ದಿನದ ಒಳಗೆ ನಿಮ್ಮ ಕೈ ಸೇರಬೇಕು. ಶೋಷಣೆಗೆ ಸಿಕ್ಕವರಿಗೆ 2019ರ ಜೂನ್‌ನಿಂದ ಬೇರೆಯದೇ ಒಂದು ಓಪನ್ ಪರ್ಮಿಟ್ ಇದೆ. ಅದು ಸಿಕ್ಕರೆ ಆ ಮಾಲೀಕನನ್ನು ಬಿಟ್ಟು ಬೇರೆ ಕಡೆ ಕೆಲಸ ಮಾಡಬಹುದು. ಎಲ್‌ಎಂಐಎ ಇದ್ದರೆ ಪಿಆರ್‌ಗೆ 50 ಅಂಕ, ದೊಡ್ಡ ಹುದ್ದೆಗೆ 200 ಅಂಕ ಅನ್ನುವ ಆಕರ್ಷಣೆಯೂ ಈಗ ಇಲ್ಲ. ಅಂಕ ನೋಡಿ ಪಿಆರ್‌ಗೆ ಕರೆಯುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ 2025ರ ಮಾರ್ಚ್ 25ರಿಂದ ಆ ಅಂಕಗಳನ್ನು ತೆಗೆದರು. ಈ ಮಾರಾಟ ತಡೆಯುವುದೇ ಅದರ ಉದ್ದೇಶ. ‘ಅಂಕ ಬರುತ್ತೆ’ ಅಂತ ಈಗಲೂ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಮತ್ತೆ, ಎಲ್‌ಎಂಐಎ ನಿಜವಾದದ್ದೇ ಆಗಿದ್ದರೆ, ನಿಮ್ಮ ಹುದ್ದೆಯ ಜಾಹೀರಾತನ್ನು ನೀವು ಓದಿ. ಜಾಬ್ ಬ್ಯಾಂಕ್ ಎಲ್ಲರಿಗೂ ತೆರೆದಿರುತ್ತದೆ. ಎಲ್‌ಎಂಐಎ ಕೇಳಿರುವ ಹುದ್ದೆಗಳಿಗೆ, ಒಪ್ಪಿಗೆ ಸಿಕ್ಕಿರುವ ಹುದ್ದೆಗಳಿಗೆ ಅಲ್ಲಿ ಗುರುತು ಇರುತ್ತದೆ. ಆ ಪುಟವನ್ನು ಇಳಿಸಿಕೊಂಡು ನಿಮ್ಮ ಈಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಅದರಲ್ಲಿ ಗಂಟೆಗೆ ಎಷ್ಟು ಅಂತ ಇದೆ, ವಾರಕ್ಕೆ ಎಷ್ಟು ಗಂಟೆ ಅಂತ ಇದೆ, ಏನು ಕೆಲಸ ಅಂತ ಇದೆ. ಎಲ್‌ಎಂಐಎಯಲ್ಲೂ ಒಪ್ಪಂದದಲ್ಲೂ ಅದೇ ಇರಬೇಕು, ಪ್ರತಿ ತಿಂಗಳ ಪೇ ಸ್ಲಿಪ್‌ನಲ್ಲೂ ಅದಕ್ಕಿಂತ ಕಡಿಮೆ ಬರಬಾರದು. ಸೂಪರ್‌ವೈಸರ್ ಅಂತ ಜಾಹೀರಾತು ಹಾಕಿ ನಿಮ್ಮಿಂದ ಪಾತ್ರೆ ತೊಳೆಸಿದರೆ, ಆ ಪುಟ ನಿಮ್ಮ ಸಾಕ್ಷಿ. ಇಲ್ಲಿನವರಿಗಾಗಿ ಬರೆದ ನಿಯಮ ನಿಮ್ಮನ್ನೂ ಕಾಯುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಪ್ರಶ್ನೆಗಳಿದ್ದರೆ ಕೇಳಿ.

ಹೋಟೆಲ್ ನಡೆಸುವ ಒಬ್ಬರು: ಸರ್, ನಮ್ಮ ಕಿಚನ್‌ನಲ್ಲಿ ಎಲ್ಲರೂ ಕನ್ನಡದವರೇ. ಕನ್ನಡ ಬರಬೇಕು ಅಂತ ಜಾಹೀರಾತಿನಲ್ಲಿ ಹಾಕಬಹುದಾ?

ಹಾಕಿದರೆ ತೊಂದರೆ. ಕೆಲಸಕ್ಕೆ ಆ ಭಾಷೆ ಇಲ್ಲದೆ ಆಗುವುದೇ ಇಲ್ಲ ಅಂತ ತೋರಿಸಬೇಕು. ಭಾಷಾಂತರ ಮಾಡುವವರಾದರೆ ಸರಿ, ತೋರಿಸಬಹುದು. ಅಡುಗೆಗೆ ಅದನ್ನು ಒಪ್ಪುವುದು ಕಷ್ಟ. ಟಂಬ್ಲರ್ ರಿಡ್ಜ್ ನೆನಪಿಸಿಕೊಳ್ಳಿ. ನಿಮಗೆ ಬೇಕಾಗಿರುವುದು ದಕ್ಷಿಣ ಭಾರತದ ಅಡುಗೆಯ ಅನುಭವ, ಅಲ್ವಾ? ಅದನ್ನು ಬರೆಯಿರಿ. ಹಿಟ್ಟು ರುಬ್ಬುವುದು, ಹುದುಗು ಬರಿಸುವುದು, ದೋಸೆ ಕಲ್ಲಿನ ಮೇಲೆ ಕೆಲಸ, ಎಲ್ಲ ಬಿಡಿಸಿ ಬರೆಯಿರಿ. ಆದರೆ ಅದೂ ಅಳತೆಯಲ್ಲಿ ಇರಲಿ. ಆ ದರ್ಜೆಯ ಅಡುಗೆಯವರಿಗೆ 10 ವರ್ಷದ ಅನುಭವ ಕೇಳಿದರೆ, ಇಲ್ಲಿನವರನ್ನು ದೂರ ಇಡಲು ಬರೆದಿದ್ದೀರಿ ಅಂತ ಅಧಿಕಾರಿ ತಿಳಿಯುತ್ತಾರೆ. ತಮಿಳಿನವರೋ, ಶ್ರೀಲಂಕಾದವರೋ, ಇಲ್ಲೇ ಪಿಆರ್ ಇರುವ ಒಳ್ಳೆ ದೋಸೆ ಅಡುಗೆಯವರು ಅರ್ಜಿ ಹಾಕಿದರೆ ಅವರನ್ನು ತೆಗೆದುಕೊಳ್ಳಿ. ಕೆಲಸ ನಡೆಯುತ್ತದೆ.

ಒಬ್ಬ ಹುಡುಗ: ಅಣ್ಣ, ನಾನು ಎರಡು ವರ್ಷದಿಂದ ಅದೇ ಆಫೀಸಲ್ಲಿ ಕೆಲಸ ಮಾಡ್ತಾ ಇದ್ದೀನಿ. ಪರ್ಮಿಟ್ ಮುಗೀತಾ ಇದೆ. ನನಗೋಸ್ಕರ ಎಲ್‌ಎಂಐಎ ಮಾಡಿದ್ರೂ ಜಾಹೀರಾತು ಬೇಕಾ?

ಬೇಕಪ್ಪ. ನೀನು ಕೂತಿರುವ ಕುರ್ಚಿಗೇ ಜಾಹೀರಾತು ಬರುತ್ತದೆ. ಅದನ್ನು ನೋಡುವುದು ಕಷ್ಟ, ನನಗೆ ಗೊತ್ತು. ಅರ್ಹತೆ ಇರುವ, ಆ ಸಂಬಳಕ್ಕೆ ಒಪ್ಪುವ ಇಲ್ಲಿನವರು ಬಂದರೆ ನಿನ್ನ ಮಾಲೀಕರಿಗೆ ಎಲ್‌ಎಂಐಎ ಸಿಗುವುದು ಕಷ್ಟ. ನೀನು ಚೆನ್ನಾಗಿ ಕೆಲಸ ಮಾಡುತ್ತೀಯ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದು ಕಠಿಣ ಅಂತ ನನಗೂ ಅನ್ನಿಸುತ್ತದೆ. ನಿನ್ನ ಹುದ್ದೆ ಸಾಫ್ಟ್‌ವೇರ್ ಆಗಿದ್ದರೆ ಗ್ಲೋಬಲ್ ಟ್ಯಾಲೆಂಟ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಲು ಹೇಳು. ಪರ್ಮಿಟ್ ಮುಗಿಯಲು ಆರು ತಿಂಗಳು ಇರುವಾಗಲೇ ಮಾತು ಶುರು ಮಾಡು. ಕೊನೆಯ ತಿಂಗಳಲ್ಲಿ ಮಾತಾಡಿದರೆ ನಾಲ್ಕು ವಾರದ ಜಾಹೀರಾತಿಗೇ ಸಮಯ ಸಾಲುವುದಿಲ್ಲ. ಸಲಹೆಗೆ ದುಡ್ಡು ಕೊಡುವುದಾದರೆ ವಕೀಲರಿಗೆ, ಇಲ್ಲವೇ ಲೈಸೆನ್ಸ್ ಇರುವ ಕನ್ಸಲ್ಟಂಟ್‌ಗೆ ಮಾತ್ರ ಕೊಡು. ಕನ್ಸಲ್ಟಂಟರ ಹೆಸರು ಅವರಿಗೆ ಲೈಸೆನ್ಸ್ ಕೊಡುವ ‘ಕಾಲೇಜ್’ ಅನ್ನುವ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ಇದೆಯಾ ಅಂತ ನೀನೇ ನೋಡು.

ಕೆಲಸ ಹುಡುಕುತ್ತಿರುವ ಒಬ್ಬ ಮಹಿಳೆ: ನಾನು ಜಾಬ್ ಬ್ಯಾಂಕ್‌ನಲ್ಲಿ ಎಷ್ಟೋ ಅರ್ಜಿ ಹಾಕಿದ್ದೇನೆ. ಎಲ್ಲ ಅರ್ಹತೆ ಇದ್ದರೂ ಉತ್ತರವೇ ಬರುವುದಿಲ್ಲ. ಏನು ಮಾಡಬಹುದು?

ಮೇಡಂ, ಕಳಿಸಿದ ಪ್ರತಿ ಅರ್ಜಿಯ ಪ್ರತಿ, ದಿನಾಂಕ, ಆ ಜಾಹೀರಾತಿನ ಪುಟ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಮೋಸ ಅನ್ನಲಾಗದು, ನೂರಾರು ಅರ್ಜಿ ಬಂದಿರಬಹುದು. ಆದರೆ ಅದೇ ಹುದ್ದೆ ಮತ್ತೆ ಮತ್ತೆ ಬರುತ್ತಿದ್ದರೆ, ಕೊಟ್ಟ ಈಮೇಲ್ ವಾಪಸ್ ಬಂದರೆ, ವಿಳಾಸಕ್ಕೆ ಹೋದರೆ ಅಂಗಡಿಯೇ ಇಲ್ಲದಿದ್ದರೆ, ಸರ್ವಿಸ್ ಕೆನಡಾಕ್ಕೆ ತಿಳಿಸಿ. ಹೆಸರು ಹೇಳದೆಯೂ ತಿಳಿಸಬಹುದು. ಫೋನ್ ಇದೆ, ಆನ್‌ಲೈನ್ ಫಾರಂ ಇದೆ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಇನ್ನೊಂದು ಅನುಕೂಲ ಬಂದಿದೆ. 25 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಂಪನಿಗಳು ಸಾರ್ವಜನಿಕ ಜಾಹೀರಾತಿನಲ್ಲಿ ಸಂಬಳ ಬರೆಯಬೇಕು, ಹುದ್ದೆ ನಿಜವಾಗಿ ಖಾಲಿ ಇದೆಯೇ ಅಂತಲೂ ಬರೆಯಬೇಕು. ‘ಕೆನಡಾದ ಅನುಭವ ಬೇಕು’ ಅಂತ ಹಾಕುವಂತಿಲ್ಲ. ಸಂದರ್ಶನಕ್ಕೆ ಕರೆದವರಿಗೆ, ತೀರ್ಮಾನ ಆಗಿದೆಯೇ ಇಲ್ಲವೇ ಅನ್ನುವುದನ್ನು 45 ದಿನಗಳ ಒಳಗೆ ತಿಳಿಸಬೇಕು. ಸಂದರ್ಶನ ಆಗಿ 45 ದಿನ ದಾಟಿದ್ದರೆ ನೀವೇ ಬರೆದು ಕೇಳಿ. ಉತ್ತರ ಕೊಡುವುದು ಈಗ ಅವರ ಕರ್ತವ್ಯ.